ನಿನ್ನಿಗೂ ಇವತ್ತಿಗೂ ಏನ ಫರಕು?



ಈ ಮಾತಿಗೆ ಕರೆದವರು ಫೋನಿನಲ್ಲಿ ಮೊದಲು ಕೇಳಿದ್ದು, "ನೀವು ಪಕ್ಷಿ ವೀಕ್ಷಕರಾ?" ಅಂತ. ಅಲ್ಲ ಅಂದೆ. "ಹಾಗಾದರೆ ಸಸ್ಯಶಾಸ್ತ್ರ?" ಅದೂ ಅಲ್ಲ. ನಾನು ಪುಣೆಯ ಹಿಂಜವಡಿಯಲ್ಲಿ ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾ ಇರೋನು. ನಿನ್ನೆಯ ಬಿಲ್ಡ್‌ಗೂ ಇವತ್ತಿನ ಬಿಲ್ಡ್‌ಗೂ ಏನು ವ್ಯತ್ಯಾಸ, ನಿನ್ನೆ ಸರಿ ಇದ್ದದ್ದು ಇವತ್ತು ಎಲ್ಲಿ ಕೆಟ್ಟಿದೆ ಅಂತ ಹುಡುಕೋದೇ ನನ್ನ ಹೊಟ್ಟೆಪಾಡು. ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಇದೇ ನನ್ನ ಮುಖಕ್ಕೆ ಬಂದು ಹೊಡೆಯುತ್ತೆ.

ಊರು ನರಗುಂದದ ಹತ್ತಿರ ಒಂದು ಹಳ್ಳಿ, ಗದಗ ಜಿಲ್ಲೆ. ಎರಿ ಭೂಮಿ. ಮೈಸೂರು ಕಡೆಯವರಿಗೆ ಗೊತ್ತಾಗಲಿ ಅಂತ ಹೇಳ್ತೀನಿ, ಎರಿ ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಹೋದರೆ ಚಪ್ಪಲಿ ಅಲ್ಲೇ ಉಳಿಯುತ್ತೆ, ನೀವು ಮುಂದೆ ಹೋಗಿರ್ತೀರಿ.

ನಾನು ಮಾತಾಡೋಕೆ ಬಂದಿರೋದು ವರ್ಷದಲ್ಲಿ ಯಾರಿಗೂ ಬೇಡವಾದ ಐದಾರು ವಾರಗಳ ಬಗ್ಗೆ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಅಂತ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಅಭಿಮಾನಿಗಳಿದ್ದಾರೆ, ಪುಣೆಯವರಂತೂ ಮೊದಲ ಮಳೆಗೇ ಸಿಂಹಗಡಕ್ಕೆ ಟ್ರಾಫಿಕ್ ಜಾಮ್ ಮಾಡಿ ಬರ್ತಾರೆ. ಡಿಸೆಂಬರ್ ಚಳಿಗೆ ಸ್ವೆಟರ್ ಇದೆ, ಫೋಟೋ ಇದೆ. ಮೇ ತಿಂಗಳಿಗೆ ಮಾವಿನ ಹಣ್ಣು. ಈ ಮಧ್ಯದ ಕಾಲಕ್ಕೆ ನಮ್ಮಂಥವರ ಲೆಕ್ಕದಲ್ಲಿ ಇರೋದು ಒಂದೇ: ಟ್ಯಾಕ್ಸ್ ಉಳಿಸೋಕೆ ಇನ್ವೆಸ್ಟ್‌ಮೆಂಟ್ ಪ್ರೂಫ್ ಅಪ್‌ಲೋಡ್ ಮಾಡೋ ಕಾಲ. ನಾನೂ ಹಾಗೇ ಇದ್ದೆ. ನನ್ನನ್ನ ಬದಲಾಯಿಸಿದ್ದು ಪುಸ್ತಕ ಅಲ್ಲ, ಟ್ರೆಕ್ಕಿಂಗ್ ಗ್ರೂಪೂ ಅಲ್ಲ. ನಮ್ಮಪ್ಪನ ಕಣ್ಣು.

ಅವ್ವ ಹೋದ ಮೇಲೆ ಅಪ್ಪ ಊರಲ್ಲಿ ಒಬ್ಬನೇ ಇದ್ದ. (ನಮ್ಮ ಕಡೆ ಅಪ್ಪನಿಗೆ ಏಕವಚನವೇ. ಬಹುವಚನ ಹಚ್ಚಿ ಮಾತಾಡಿಸಿದರೆ, ಇಂವ ಯಾರನ್ನ ಕರೀತಾನ ಅಂತ ಹಿಂದೆ ತಿರುಗಿ ನೋಡ್ತಾನೆ.) ಮೂರು ವರ್ಷದ ಹಿಂದೆ ದೀಪಾವಳಿಗೆ ಪುಣೆಗೆ ಬಂದವನು ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡ. ಮಾರನೇ ದಿನ ಇನ್ನೊಂದು ಸಲ. ಮೂರನೇ ದಿನ ಸೊಸೈಟಿಯ ಮೆಟ್ಟಿಲಲ್ಲಿ ಕೊನೆಯ ಎರಡು ಮೆಟ್ಟಿಲು ಕಾಣದೆ ಬಿದ್ದ. ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಗ್ಲಾಕೋಮಾ. ಕಣ್ಣಿನ ನರ ನಿಧಾನಕ್ಕೆ ಸಾಯೋ ಕಾಯಿಲೆ. ನೋವಿಲ್ಲ, ಕೆಂಪಾಗಲ್ಲ. ನೋಟ ಅಂಚಿನಿಂದ ಕಡಿಮೆಯಾಗುತ್ತಾ ಬರುತ್ತೆ, ನಡುವೆ ಮಾತ್ರ ಚೆನ್ನಾಗಿ ಕಾಣ್ತಾ ಇರುತ್ತೆ, ಹಾಗಾಗಿ ಕಳಕೊಂಡವನಿಗೂ ಗೊತ್ತಾಗಲ್ಲ. ಹೋದದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿ ಉಳಿದದ್ದನ್ನ ಕಾಯಬೇಕು ಅಷ್ಟೇ. ಅಪ್ಪನಿಗೆ ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಲ್ಲಿ ಉಳಿದದ್ದು ಕೊಳವೆಯಲ್ಲಿ ನೋಡಿದಷ್ಟು.

ಡಾಕ್ಟರು ನನ್ನ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗೆ ಎಡವುತ್ತಾ ಇದ್ದಾರೆ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕಾರಿನಲ್ಲಿ ಕೂತು ನೆನಪು ಮಾಡಿಕೊಂಡೆ. ಹಿಂದಿನ ವರ್ಷ ಊರಿಗೆ ಹೋದಾಗ ಎಡಗಡೆ ಇಟ್ಟ ನೀರಿನ ಚರಿಗಿ ಅಪ್ಪನ ಕೈ ತಾಗಿ ಉರುಳಿತ್ತು. ಅದರ ಹಿಂದಿನ ವರ್ಷ, ಸಂಜೆ ಆರಕ್ಕೇ ಲೈಟ್ ಹಾಕು ಅಂತಿದ್ದ. ವಯಸ್ಸು ಅಂದುಕೊಂಡೆ. ವರ್ಷಕ್ಕೆ ಎರಡು ಸಲ, ಎರಡೆರಡು ದಿನ ಹೋಗಿ ಬರೋ ಮಗನಿಗೆ ಇನ್ನೇನು ಕಾಣಬೇಕು? ಟೆಸ್ಟಿಂಗ್‌ನವನು ನಾನು.

ಅಪ್ಪ ಪುಣೆಯಲ್ಲೇ ಉಳಿದ. ಹೊಲ ಚಿಕ್ಕಪ್ಪನ ಮಗನಿಗೆ ಪಾಲಿಗೆ ಕೊಟ್ಟಾಯ್ತು. ಮಾಡೋಕೆ ಏನೂ ಇಲ್ಲ. ಬೆಳಿಗ್ಗೆ ಆರನೇ ಮಹಡಿಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರೋದು, ಊಟ, ನಿದ್ದೆ, ಮತ್ತೆ ಬಾಲ್ಕನಿ. ನಮ್ಮಿಬ್ಬರ ನಡುವಿನ ಮಾತು ಫೋನಿನಲ್ಲಿ ಇದ್ದದ್ದಕ್ಕಿಂತ ಕಡಿಮೆ ಆಯ್ತು. ಫೋನಿನಲ್ಲಾದರೂ "ಮಳಿ ಆತೇನು?" ಅಂತ ಕೇಳಬಹುದಿತ್ತು. ಈಗ ಇಬ್ಬರಿಗೂ ಒಂದೇ ಮಳೆ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ, ನಾನು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೊರಟಿದ್ದೆ. ಅಪ್ಪ ಕೇಳಿದ, "ಎದುರಿಗೆ ಒಂದ ಗಿಡ ಐತಲ್ಲ, ಯಾವ ಗಿಡ ಅದು?" ನಮ್ಮಲ್ಲಿ ಮರಕ್ಕೂ ಗಿಡ ಅಂತಲೇ ಅನ್ನೋದು. ಕಾಂಪೌಂಡ್ ಆಚೆ ಖಾಲಿ ಪ್ಲಾಟ್ ಇದೆ, ಅದರಲ್ಲಿ ಒಂದು ಮರ. ಆರು ವರ್ಷದಿಂದ ಅದೇ ಬಾಲ್ಕನಿಯಲ್ಲಿ ಚಹಾ ಕುಡಿದಿದ್ದೀನಿ. ಯಾವ ಮರ ಅಂತ ಗೊತ್ತಿರಲಿಲ್ಲ.

"ಎಲಿ ಅದಾವೇನು?"

"ಒಂದೂ ಇಲ್ಲ. ಒಣಗೇತಿ ಕಾಣಸ್ತೈತಿ."

"ಕಾಣಸ್ತೈತಿ ಅಂದ್ರ? ಹೋಗಿ ನೋಡಿ ಬಾ."

ಸಂಜೆ ಬಂದು ಹೋದೆ. ಕೆಳಗೆ ವಾಚ್‌ಮನ್ ಮಾಮಾ ಮರಾಠಿಯಲ್ಲಿ "ಕಾಟೇಸಾವರ" ಅಂದರು. ಬೊಡ್ಡೆ ತುಂಬ ದಪ್ಪ ದಪ್ಪ ಮುಳ್ಳು. ಮೇಲೆ ಬಂದು ಮುಳ್ಳಿನ ವಿಷಯ ಹೇಳಿದ ಕೂಡಲೇ ಅಪ್ಪ, "ಬೂರಗದ ಗಿಡ. ಒಣಗಿಲ್ಲ ಅದು, ಹೂ ಬಿಡೂ ತಯಾರಿ ನಡಸೇತಿ. ನಾಳೆ ಟೊಂಗಿ ತುದಿ ನೋಡು" ಅಂದ. ಕೆಂಪು ಬೂರುಗ. ಕಾಯಿ ಒಡೆದರೆ ಹತ್ತಿ ಹಾರುತ್ತಲ್ಲ, ಅದೇ.

ಮಾರನೇ ದಿನ ನೋಡಿದೆ. ತುದಿಯಲ್ಲಿ ಏನೋ ಗಂಟು ಗಂಟು. ಮೊಗ್ಗು ಇದೆ ಅಂದೆ. "ಎಷ್ಟ ದೊಡ್ಡದು? ಕಡ್ಲಿಕಾಳಿನಷ್ಟೋ, ಬಾರಿಹಣ್ಣಿನಷ್ಟೋ?" ಕೆಳಗಿಳಿದು ಹೋಗಿ ನೋಡಿ ಬಂದು ಕಡ್ಲಿಕಾಳಿಗಿಂತ ದೊಡ್ಡದು, ಬಾರಿಹಣ್ಣಿಗಿಂತ ಸಣ್ಣದು ಅಂತ ವರದಿ ಒಪ್ಪಿಸಿದೆ.

ಅವತ್ತಿನಿಂದ ದಿನಾ ಬೆಳಿಗ್ಗೆ 8:40ಕ್ಕೆ ನಮ್ಮ ಬಾಲ್ಕನಿಯಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗ್. ಆಫೀಸಿನ ಸ್ಟ್ಯಾಂಡ್‌ಅಪ್‌ನಲ್ಲಿ "ಸೇಮ್ ಆ್ಯಸ್ ಯೆಸ್ಟರ್‌ಡೇ" ಅಂದು ತಪ್ಪಿಸಿಕೊಳ್ಳಬಹುದು. ಇಲ್ಲಿ ಆಗ್ತಿರಲಿಲ್ಲ. ಒಂದು ದಿನ ಗಡಿಬಿಡಿಯಲ್ಲಿ, "ನಿನ್ನೆ ಹೆಂಗಿತ್ತೋ ಹಂಗ ಐತಿ" ಅಂದುಬಿಟ್ಟೆ. ಅಪ್ಪ ಬೈಯಲಿಲ್ಲ. "ನಿನ್ನಿ ಹಂಗ ಇರಾಕ ಅದೇನ ಗ್ವಾಡಿ ಏನ? ನಿನ್ನಿಗೂ ಇವತ್ತಿಗೂ ಏನ ಫರಕು, ಅದನ್ನ ಹೇಳು" ಅಂದ.

ಆ ಒಂದು ಪ್ರಶ್ನೆಗೆ ಉತ್ತರ ಹುಡುಕ್ತಾ ಹುಡುಕ್ತಾ ನನಗೆ ಕಂಡ ಕೆಲವನ್ನ ಹೇಳ್ತೀನಿ. ನೀವು ಹೈದರಾಬಾದ್, ಮುಂಬೈ, ಚೆನ್ನೈ ಎಲ್ಲೇ ಇರಿ, ಮರ ಬೇರೆ ಇರಬಹುದು, ವಾರ ಹಿಂದೆಮುಂದೆ ಆಗಬಹುದು.

ಮೊದಲು ಬಿಸಿಲು. ಡಿಸೆಂಬರ್ 21ರ ಸುಮಾರಿಗೆ ಅತಿ ಚಿಕ್ಕ ಹಗಲು ಅಂತ ಶಾಲೆಯಲ್ಲಿ ಓದಿದ್ದೀವಿ. ಹಾಗಾದರೆ ಮಾರನೇ ದಿನದಿಂದ ಸೂರ್ಯ ಬೇಗ ಹುಟ್ಟಬೇಕಲ್ಲ? ಹುಟ್ಟಲ್ಲ. ಪುಣೆಯಲ್ಲಿ ವರ್ಷದ ಅತಿ ತಡವಾದ ಸೂರ್ಯೋದಯ ಜನವರಿ ಮಧ್ಯದಲ್ಲಿ, 7:10ರ ಆಸುಪಾಸು. ಸಂಜೆ ಮಾತ್ರ ನವೆಂಬರ್ ಕೊನೆಯಲ್ಲೇ ತಳ ಮುಟ್ಟಿ, ಡಿಸೆಂಬರ್ ಪೂರ್ತಿ ದಿನಕ್ಕೆ ಚೂರು ಚೂರು ಉದ್ದ ಆಗ್ತಾ ಬಂದಿರುತ್ತೆ. ಭೂಮಿಯ ಓರೆ ಮತ್ತು ಅದರ ದಾರಿ ಪೂರ್ತಿ ವೃತ್ತ ಅಲ್ಲದಿರೋದು, ಇವೆರಡೂ ಸೇರಿ ಸೂರ್ಯನ ಮಧ್ಯಾಹ್ನವನ್ನ ಗಡಿಯಾರದ ಮಧ್ಯಾಹ್ನದಿಂದ ಆಚೀಚೆ ತಳ್ಳುತ್ತವೆ. ಅಂದರೆ ಬೆಳಗಿನ ಚಳಿಗಾಲ, ಸಂಜೆಯ ಚಳಿಗಾಲ ಬೇರೆ ಬೇರೆ ದಿನ ಮುಗಿಯುತ್ತವೆ. ನೀವು ಆಫೀಸಿನಿಂದ ಹೊರಗೆ ಬಂದಾಗ "ಅರೆ, ಇನ್ನೂ ಬೆಳಕಿದೆ" ಅಂತ ಒಂದು ದಿನ ಅನ್ನಿಸುತ್ತಲ್ಲ, ಅದು ಒಂದು ದಿನದಲ್ಲಿ ಆದದ್ದಲ್ಲ. ಎರಡು ತಿಂಗಳಿಂದ ಆಗ್ತಾ ಇತ್ತು.

ಇನ್ನೊಂದು, ಸೂರ್ಯ ಹುಟ್ಟೋ ಜಾಗ. ನಮ್ಮ ಬಾಲ್ಕನಿ ಪೂರ್ವಕ್ಕಿದೆ, ಎದುರು ಒಂದು ಟವರ್. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಆ ಟವರಿನ ಬಲಕ್ಕೆ ಏಳ್ತಾನೆ, ಮೂರು ವಾರ ಹೆಚ್ಚುಕಡಿಮೆ ಅಲ್ಲೇ ನಿಂತ ಹಾಗಿರ್ತಾನೆ. ಆಮೇಲೆ ವೇಗ ಹಿಡೀತಾನೆ. ಫೆಬ್ರವರಿ ಕೊನೆಯ ಹೊತ್ತಿಗೆ ದಿನಕ್ಕೆ ತನ್ನದೇ ಅಗಲದ ಮುಕ್ಕಾಲು ಪಾಲಿನಷ್ಟು ಉತ್ತರಕ್ಕೆ ಸರೀತಾನೆ. ಅಪ್ಪ ಇದನ್ನ ಕಣ್ಣಿಂದ ನೋಡಲಿಲ್ಲ, ಮೊಣಕಾಲಿನಿಂದ ನೋಡಿದ. ಫೆಬ್ರವರಿ ಮೊದಲ ವಾರ, "ಬಿಸಲು ತಡಾ ಮಾಡಾಕತ್ತೈತಿ" ಅಂದ. ನಾನು ಮೊಬೈಲ್ ತೆಗೆದು, ಇಲ್ಲ ಅಪ್ಪಾ, ಸೂರ್ಯೋದಯ ಬೇಗ ಆಗ್ತಾ ಇದೆ ಅಂತ ತೋರಿಸಿದೆ. "ನಿನ್ನ ಫೋನಿಗೆ ಆಗಿರಬೇಕು, ನನ್ನ ಕಾಲಿಗೆ ಆಗಿಲ್ಲ" ಅಂದ. ಅಂವ ಹೇಳಿದ್ದೇ ಸರಿ. ಸೂರ್ಯ ಸರಿದು ಸರಿದು ಆ ಟವರಿನ ಹಿಂದೆ ಬಂದಿದ್ದ. ಕಾಲಿಗೆ ಬಿಸಿಲು ಬೀಳಬೇಕಾದರೆ ನೀರಿನ ಟ್ಯಾಂಕ್ ದಾಟಿ ಮೇಲೆ ಏರಬೇಕು. ಅಪಾರ್ಟ್‌ಮೆಂಟಿನವರಿಗೆ ಹೀಗೆ ಬಿಲ್ಡರ್ ಮಾಡಿಕೊಟ್ಟ ಒಂದು ಋತುವೂ ಇರುತ್ತೆ. ಮಾರ್ಚ್‌ನಲ್ಲಿ ಸೂರ್ಯ ಟವರಿನ ಎಡಕ್ಕೆ ಹೊರಬಂದ ದಿನ ನಮ್ಮ ಮನೆಯಲ್ಲಿ ಸಣ್ಣ ಉತ್ತರಾಯಣ.

ಆಮೇಲೆ ಎಲೆ. ನಾವು ಸಿನಿಮಾದಲ್ಲಿ ನೋಡೋ ಎಲೆ ಉದುರೋ ಕಾಲ ಚಳಿ ದೇಶದ್ದು. ನಮ್ಮ ದಖನ್ನಿನಲ್ಲಿ ಮರ ಎಲೆ ಬಿಡೋದು ಚಳಿಗೆ ಹೆದರಿ ಅಲ್ಲ, ನೀರಿಗೆ ಹೆದರಿ. ಅಕ್ಟೋಬರ್‌ಗೆ ಮಳೆ ನಿಂತರೆ ಜೂನ್‌ವರೆಗೆ ಹೇಳಿಕೊಳ್ಳುವಂಥ ಮಳೆ ಇಲ್ಲ. ಎಲೆಯಿಂದ ನೀರು ಆವಿಯಾಗ್ತಾ ಇರುತ್ತೆ. ಎಲೆಯಲ್ಲಿರೋ ಸಾರಜನಕ, ರಂಜಕ ಇಂಥ ಬೆಲೆಬಾಳೋದನ್ನ ಆದಷ್ಟು ಒಳಗೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ, ಮರ ಎಲೆಯನ್ನ ಕೈಬಿಡುತ್ತೆ. ಎಲ್ಲ ಮರ ಒಟ್ಟಿಗೆ ಮಾಡಲ್ಲ. ಬೂರುಗ ಜನವರಿಗೇ ಬೋಳು. ಅರಳಿ, ಬೇವು ಫೆಬ್ರವರಿ, ಮಾರ್ಚ್‌ಗೆ. ನನ್ನ ಆಫೀಸ್ ದಾರಿಯಲ್ಲಿ ಎರಡು ಅರಳಿ ಮರ ಇವೆ, ನಡುವೆ ಒಂದೇ ಸಿಗ್ನಲ್. ಮೊದಲನೇದು ಪೂರ್ತಿ ಬೋಳಾಗಿ ತಾಮ್ರದ ಬಣ್ಣದ ಚಿಗುರು ಬಿಟ್ಟು ಎರಡು ವಾರ ಆದ ಮೇಲೆ ಎರಡನೇದು ಎಲೆ ಹಳದಿ ಮಾಡೋಕೆ ಶುರು ಮಾಡ್ತು. ಒಂದೇ ಜಾತಿ, ಒಂದೇ ರಸ್ತೆ, ಒಂದೇ ಹೊಗೆ. ಈ ದಾರಿಯಲ್ಲಿ ದಿನಕ್ಕೆ ಎರಡು ಗಂಟೆ ನಿಂತು ನಿಂತು ಹೋಗೋನು ನಾನು. ಟ್ರಾಫಿಕ್‌ನಿಂದ ಒಂದಾದರೂ ಉಪಯೋಗ ಆಯ್ತಲ್ಲ.

ಇದನ್ನ ಅಪ್ಪನಿಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಗುಡಿ ಮುಂದಿನ ಅರಳಿ ಮೊದಲು, ಕೆರಿ ದಂಡಿದು ಆಮೇಲೆ ಅಂತ ಊರಿನ ಲೆಕ್ಕ ಹೇಳಿದ. ಅಪ್ಪ ಆಶ್ಚರ್ಯಪಟ್ಟಿದ್ದು ಬೇರೆ ಒಂದಕ್ಕೆ. ವೇತಾಳ ಟೇಕಡಿ, ಬಾಣೇರ್ ಗುಡ್ಡದ ಕಡೆ ಫೆಬ್ರವರಿಯಲ್ಲಿ ಬೋಳು ಕೊಂಬೆ ತುಂಬ ತಿಳಿ ಗುಲಾಬಿ ಹೂ ಬರುತ್ತೆ, ಜನ ಅದರ ಮುಂದೆ ನಿಂತು ಜಪಾನಿಗೆ ಹೋದ ಹಾಗೆ ಫೋಟೋ ಹೊಡೆಸಿಕೊಳ್ತಾರೆ. ಅದು ಗ್ಲಿರಿಸಿಡಿಯಾ. ಮೂಲ ಮಧ್ಯ ಅಮೆರಿಕ, ಗುಡ್ಡ ಹಸಿರಾಗಲಿ ಅಂತ ನೆಟ್ಟದ್ದು. ನಮ್ಮೂರಲ್ಲಿ ಸೊಪ್ಪು ಕಡಿದು ಗದ್ದೆಗೆ ಹಾಕ್ತಾರೆ, ಹೆಸರೇ ಗೊಬ್ಬರದ ಗಿಡ. ಒಂದು ರೆಂಬೆ ತಂದು ಕೈಗೆ ಕೊಟ್ಟೆ. ಮೂಸಿ ನೋಡಿ, "ಗೊಬ್ಬರದ ಗಿಡದ್ದ ಫೋಟೋ ತಗೀತಾರೇನು?" ಅಂತ ಮಧ್ಯಾಹ್ನದವರೆಗೆ ನಕ್ಕ. ಆ ಗುಡ್ಡಗಳಲ್ಲಿ ಮೊದಲು ಇದ್ದ ಹುಲ್ಲು, ಅದನ್ನ ನಂಬಿದ ಹಕ್ಕಿಗಳಿಗೆ ಈ ಮರ ಜಾಗ ಬಿಟ್ಟಿಲ್ಲ ಅಂತ ತಿಳಿದವರ ತಕರಾರಿದೆ, ನನಗೂ ಅದು ಸರಿ ಅನ್ನಿಸುತ್ತೆ. ಆದರೂ ಹೂ ಚೆಂದ ಇದೆ, ಸುಳ್ಳು ಹೇಳೋಕಾಗಲ್ಲ.

ಈಗ ಹಕ್ಕಿ ವಿಷಯ. ಇಲ್ಲಿ ನನ್ನ ಮರ್ಯಾದೆ ಹೋದ ಒಂದು ಪ್ರಸಂಗ ಹೇಳಲೇಬೇಕು. ಜನವರಿ ಕೊನೆಯಲ್ಲಿ ಒಂದು ದಿನ ಅಪ್ಪ, "ಯಾರೋ ತಾಮ್ರದ ಕೊಡ ಬಡಿಯಾಕತ್ತಾರ, ಕೇಳಿಸ್ತೇನು?" ಅಂದ. ಕೇಳಿಸ್ತು. ಟುಕ್ ಟುಕ್ ಟುಕ್ ಟುಕ್, ನಿಮಿಷಕ್ಕೆ ನೂರಕ್ಕೂ ಹೆಚ್ಚು, ಒಂದೇ ಲಯ. ನಾನು, "ಅದು ಪಕ್ಕದ ಸೊಸೈಟಿಯ ನೀರಿನ ಪಂಪ್ ಅಪ್ಪಾ" ಅಂದೆ. ನಿಜವಾಗಿ ಆರು ವರ್ಷದಿಂದ ಹಾಗೇ ನಂಬಿದ್ದೆ. ಪ್ರತಿ ಬೇಸಿಗೆ ಆ ಪಂಪಿಗೆ ಎಣ್ಣೆ ಹಾಕಿಸಬಾರದಾ ಅಂತ ಬೈದುಕೊಂಡಿದ್ದೆ. ಅಪ್ಪ, "ಪಂಪಿಗೆ ಕರೆಂಟ್ ಹ್ವಾದ್ರೂ ಬಡಿತೈತೇನು?" ಅಂದ. ಅವತ್ತು ಗುರುವಾರ, ನಮ್ಮಲ್ಲಿ ಕರೆಂಟ್ ತೆಗೆಯೋ ದಿನ. ಅದು ಕಂಚುಗಾರ ಹಕ್ಕಿ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಹಸಿರು ಮೈ, ಹಣೆ ಮೇಲೆ ಕೆಂಪು ಬೊಟ್ಟು. ಒಣ ಕೊಂಬೆಯಲ್ಲಿ ತೂತು ಕೊರೆದು ಗೂಡು ಮಾಡೋ ಕಾಲ ಹತ್ತಿರ ಬಂದ ಹಾಗೆ ಅದರ ಕೂಗು ಜೋರಾಗುತ್ತೆ. ಈ ವಾರ ನಿಮ್ಮ ಮನೆ ಹತ್ತಿರದ ಪಂಪನ್ನೂ ಒಂದು ಸಲ ಪರೀಕ್ಷೆ ಮಾಡಿ.

ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಈ ಸ್ಟ್ಯಾಂಡ್‌ಅಪ್ ನೋಡಿ ಹೊಟ್ಟೆಕಿಚ್ಚು, ತಾನೂ ವರದಿ ಕೊಡ್ತೀನಿ ಅಂತ ಸೇರಿಕೊಂಡಳು. ಅವಳೇ ಮೊದಲು ನೋಡಿದ್ದು ಸೂರಕ್ಕಿಯನ್ನ. "ಅಜ್ಜಾ, ಒಂದು ಪುಟ್ಟ ಹಕ್ಕಿಗೆ ಇಂಕ್ ಚೆಲ್ಲಿದೆ." ಗಂಡು ಸೂರಕ್ಕಿ, ಗಾಢ ನೇರಳೆ ಮಿಂಚೋ ಜಾತಿ. ಮರಿ ಮಾಡೋ ಕಾಲ ಮುಗಿದ ಮೇಲೆ ಆ ಬಣ್ಣ ಕಳಚಿ, ಹೆಣ್ಣಿನ ಹಾಗೆ ಮಾಸಲು ಹಳದಿ ಆಗಿಬಿಡುತ್ತೆ. ಎದೆ ನಡುವೆ ಒಂದು ಕಪ್ಪು ಪಟ್ಟಿ ಮಾತ್ರ ಉಳಿದಿರುತ್ತೆ. ಚಳಿಗಾಲದ ಕೊನೆಗೆ ಮತ್ತೆ ಬಣ್ಣ ಬರೋಕೆ ಶುರು, ಅದೂ ತೇಪೆ ತೇಪೆಯಾಗಿ. ಮೂರು ವಾರ ಅದಕ್ಕೆ ಇಂಕ್ ಎಷ್ಟು ಹರಡ್ತು ಅಂತ ಅವಳು ದಿನಾ ಹೇಳಿದಳು. ನಾನು ಅಷ್ಟು ವರ್ಷ ಅವನ್ನ ನೋಡಿದ್ದರೂ ಎರಡು ಬೇರೆ ಹಕ್ಕಿ ಅಂದುಕೊಂಡಿರ್ತಿದ್ದೆ.

ಫೆಬ್ರವರಿ ಮೊದಲ ವಾರ ಬೂರುಗ ಹೂ ಬಿಟ್ಟಿತು. ಅಂಗೈ ಅಗಲದ ಕೆಂಪು ಹೂ, ದಪ್ಪ ದಳ, ಒಳಗೆ ಮಕರಂದ. ಮೈನಾ, ಕಾಗೆ, ಅಳಿಲು, ಎಲ್ಲರಿಗೂ ಅದೇ ಹೋಟೆಲ್. ಸೊಸೈಟಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಕಾರಿನ ಮೇಲೆ ಹೂ ಬೀಳ್ತಿದೆ ಅಂತ ದೂರು ಬಂತು. ಹೂವಿನ ಮೇಲೆ ಕಾರು ನಿಲ್ಲಿಸಿದ್ದೀರಿ ಅಂತ ನಾನು ಟೈಪ್ ಮಾಡಿ ಅಳಿಸಿದೆ.

ಒಂದು ಬೆಳಿಗ್ಗೆ ಇಡೀ ಮರ ಗಲಗಲ ಅನ್ನೋಕೆ ಶುರು. ನೂರಾರು ಹಕ್ಕಿ, ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ. ಅಪ್ಪ ಕುರ್ಚಿಯಿಂದ ಎದ್ದು ನಿಂತ. "ಜ್ವಾಳದ ಹಕ್ಕಿ! ಇವು ಇಲ್ಲಿಗೂ ಬಂದ್ವೇನು?" ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಗುಲಾಬಿ ಮೈನಾ. ಮಧ್ಯ ಏಷ್ಯಾ ಕಡೆ, ಪೂರ್ವ ಯುರೋಪಿನವರೆಗೆ ಮರಿ ಮಾಡ್ತವೆ, ಚಳಿಗಾಲ ಕಳೆಯೋಕೆ ನಮ್ಮಲ್ಲಿಗೆ ಬರ್ತವೆ, ಏಪ್ರಿಲ್ ಹೊತ್ತಿಗೆ ವಾಪಸ್. ಅಪ್ಪ ಹುಡುಗನಾಗಿದ್ದಾಗ ಹಿಂಗಾರಿ ಜೋಳ ಹಾಲುಗಾಳು ಆಗೋ ಹೊತ್ತಿಗೆ ಶಾಲೆ ಬಿಡಿಸಿ ಹೊಲದ ಅಟ್ಟದ ಮೇಲೆ ಕೂರಿಸ್ತಿದ್ದರಂತೆ. ಕೈಯಲ್ಲಿ ಕವಣಿ, ಪಕ್ಕದಲ್ಲಿ ಕಲ್ಲಿನ ಗುಡ್ಡೆ. ಬೆಳಗಿನಿಂದ ಸಂಜೆವರೆಗೆ ಈ ಹಕ್ಕಿ ಓಡಿಸೋದೇ ಕೆಲಸ. ನಾಲ್ಕನೇ ಇಯತ್ತೆಯಲ್ಲಿ ಒಂದು ವರ್ಷ ಹೋಗಿದ್ದು ಇವುಗಳಿಂದಲೇ ಅಂತ ಅವತ್ತು ಗೊತ್ತಾಯ್ತು. ಅರವತ್ತು ವರ್ಷದ ವೈರಿ ಎದುರಿಗೆ ಬಂದು ಗಲಾಟೆ ಮಾಡ್ತಿದೆ, ಮುಖ ಕಾಣಿಸ್ತಿಲ್ಲ. ಅಪ್ಪ ಅರ್ಧ ತಾಸು ರೇಲಿಂಗ್ ಹಿಡಿದು ನಿಂತಿದ್ದ. ನಾನು ಅವತ್ತು ಆಫೀಸಿನ ಸ್ಟ್ಯಾಂಡ್‌ಅಪ್ ತಪ್ಪಿಸಿದೆ.

ಜೋಳದ ಮಾತು ಬಂತು. ಪುಣೆಯಲ್ಲಿರೋ ನಮ್ಮವರಿಗೆ ಹುರ್ಡಾ ಪಾರ್ಟಿ ಗೊತ್ತಿರುತ್ತೆ. ಸೊಲ್ಲಾಪುರ ರಸ್ತೆಯಲ್ಲಿ, ನಗರ ರಸ್ತೆಯಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬೋರ್ಡ್ ಹಾಕಿರ್ತಾರೆ. ಅದು ಬೇರೇನಲ್ಲ, ನಮ್ಮ ಸೀತನಿ. ಎಳೆ ತೆನೆಯನ್ನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಗುರೆಳ್ಳು ಚಟ್ನಿ, ಬೆಲ್ಲದ ಜೊತೆ. ಅಲ್ಲಿಯ ಮಣ್ಣೂ ನಮ್ಮ ಮಣ್ಣೂ ಒಂದೇ ಕರಿ ಮಣ್ಣು. ಮಾಲದಂಡಿ ಜೋಳ ಅಲ್ಲೂ ಬಿತ್ತುತ್ತಾರೆ, ವಿಜಯಪುರ, ಗದಗದಲ್ಲೂ ಬಿತ್ತುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದರೆ ಆಮೇಲೆ ಮಣ್ಣು ಹಿಡಿದಿಟ್ಟ ತೇವದ ಮೇಲೇ ಬೆಳೆ ನಿಲ್ಲಬೇಕು.

ಅಪ್ಪನನ್ನ ಕರಕೊಂಡು ಹೋದೆ. ಎಲ್ಲರೂ ಉಯ್ಯಾಲೆ, ಎತ್ತಿನ ಬಂಡಿ ಅಂತ ಓಡಿದರು. ಅಪ್ಪ ಚಪ್ಪಲಿ ಬಿಟ್ಟು ಹೊಲದೊಳಗೆ ಇಳಿದ, ಕಾಲ್ಬೆರಳಿಂದ ನೆಲದ ಬಿರುಕು ಹುಡುಕಿದ. ಎರಿ ನೆಲ ಒಣಗ್ತಾ ಬಿರಿಯುತ್ತೆ, ಬಿರುಕಿನ ಅಗಲ ನೋಡಿ ಒಳಗೆ ಎಷ್ಟು ತೇವ ಉಳಿದಿದೆ ಅಂತ ಅಂದಾಜು. "ಹೆಬ್ಬಟ್ಟು ಹೊಕ್ಕತೈತಿ. ಇದು ಶಿವರಾತ್ರಿ ಬಿರುಕು. ಈಗಿನ್ನೂ ಜನವರಿ." ತೆನೆ ಕೊಟ್ಟಾಗ ಒಂದು ಕಾಳು ಉಗುರಲ್ಲಿ ಒತ್ತಿದ. ಹಾಲು ಬರಲಿಲ್ಲ, ಹಿಟ್ಟಿನ ಹಾಗೆ ಮುರಿಯಿತು. "ನಾಕ ದಿನ ತಡಾ ಆತು." ನನ್ನ ಬಾಯಿಗೆ ರುಚಿಯಾಗೇ ಇತ್ತು. ಸೀತನಿಯ ಸರಿಯಾದ ಹದ ಒಂದು ಹೊಲಕ್ಕೆ ಕೆಲವೇ ದಿನ ಅಂತ ನನಗೆ ಎಲ್ಲಿ ಗೊತ್ತಿತ್ತು? ಪಕ್ಕದಲ್ಲಿ ಕಡಲೆ ಹೊಲ. ನಾನು ಸಣ್ಣವನಿದ್ದಾಗ ಅವ್ವ ನಸುಕಿನಲ್ಲಿ ಕಡಲೆ ಗಿಡದ ಮೇಲೆ ತೆಳು ಬಿಳಿ ಅರಿವೆ ಎಳೆದು, ಇಬ್ಬನಿಯಲ್ಲಿ ಕರಗಿದ ಹುಳಿಯನ್ನ ಹಿಂಡಿ ಬಾಟಲಿಗೆ ತುಂಬ್ತಿದ್ದಳು. ಹೊಟ್ಟೆನೋವಿಗೆ ಮನೆಮದ್ದು. ಅಪ್ಪ ಬಗ್ಗಿ ಎಲೆ ಮುಟ್ಟಿ ಬೆರಳು ನಾಲಿಗೆಗೆ ಇಟ್ಟುಕೊಂಡ. ಏನೂ ಹೇಳಲಿಲ್ಲ. ನಾನೂ ಇಟ್ಟುಕೊಂಡೆ. ಹುಳಿ ಇತ್ತು.

ಕಾಲ ಮುಂಚೆ ಬರ್ತಾ ಇದೆ ಅನ್ನೋದು ಅಪ್ಪನ ಗಟ್ಟಿ ಅಭಿಪ್ರಾಯ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತೆ ಅಂತ ಗಾದೆ. "ಈಗ ಸಂಕ್ರಾಂತಿಗೇ ಗಂಟು ಕಟ್ಟತೈತಿ" ಅಂತಾನೆ. ಹವಾಮಾನ ಇಲಾಖೆಯ ದಾಖಲೆ ಪ್ರಕಾರ 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದ ಈಚಿನ ಫೆಬ್ರವರಿಗಳಲ್ಲೇ ಅತಿ ಹೆಚ್ಚು. ಕಾಳು ಕಟ್ಟೋ ಹೊತ್ತಿಗೆ ಸೆಕೆ ಬಂದರೆ ಕಾಳು ಜೊಳ್ಳಾಗುತ್ತೆ. ಆದರೆ ಟೆಸ್ಟಿಂಗ್‌ನವನಾಗಿ ಒಂದು ಮಾತು: ಒಂದು ಬಾಲ್ಕನಿ, ಒಂದು ಮರ, ಮೂರು ವರ್ಷ ಇಟ್ಟುಕೊಂಡು ನಾನು ಹವಾಮಾನದ ಬಗ್ಗೆ ತೀರ್ಪು ಕೊಡೋಕಾಗಲ್ಲ. ಅದಕ್ಕೆ ಸಾವಿರಾರು ಬಾಲ್ಕನಿ ಬೇಕು. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಮೊಗ್ಗು, ಹೂ, ಕಾಯಿ ಇಲ್ಲವೋ, ಕಡಿಮೆಯೋ, ಹೆಚ್ಚೋ ಅಂತ ದಾಖಲಿಸಿದರೆ ಸಾಕು. ಎರಡು ನಿಮಿಷದ ಕೆಲಸ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತೆ, ಹದಿನೈದು ನಿಮಿಷ ನಿಂತು ಎಣಿಸಿದರೂ ಲೆಕ್ಕಕ್ಕೆ ಬರುತ್ತೆ. ನಮ್ಮ ಮನೆಯ ಎಣಿಕೆಯಲ್ಲಿ ನೋಡೋಳು ಮಗಳು, ಕೇಳೋನು ಅಪ್ಪ, ಟೈಪ್ ಮಾಡೋನು ನಾನು. ನಾನು ಕೂಲಿ.

ಇದು ಮೂರನೇ ಚಳಿಗಾಲ. ಹೋದ ನವೆಂಬರ್‌ನ ಪರೀಕ್ಷೆಯಲ್ಲಿ ಬಲಗಣ್ಣು ಹಾಗೇ ಉಳಿದಿದೆ ಅಂದರು. "ಸೇಮ್ ಆ್ಯಸ್ ಬಿಫೋರ್" ಅನ್ನೋ ಮಾತು ಕೇಳಿ ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಅಪ್ಪ ಆ ಖುಷಿಯನ್ನ ಬಳಸಿಕೊಂಡ. "ಹಂಗಾದ್ರ ಸುಗ್ಗಿಗೆ ಊರಿಗೆ ಹೊಕ್ಕೇನಿ." ಬೇಡ ಅಂದೆ. ಮೆಟ್ಟಿಲು, ಹೊಲದ ಬದು, ದಿನಾ ರಾತ್ರಿ ಹಾಕಲೇಬೇಕಾದ ಡ್ರಾಪ್ಸ್. ಎರಡು ದಿನ ಮಾತು ಬಿಟ್ಟೆವು. ಮೂರನೇ ದಿನ ಬಾಲ್ಕನಿಯಲ್ಲಿ, "ನೀ ನನಗ ಗಿಡ ತೋರಸಾಕತ್ತೀದಿ, ನಾ ನಿನಗ ಕಣ್ಣ ಮುಚ್ಚಿ ಹೊಲ ತೋರಸ್ತೇನಿ. ನನ್ನ ಕಾಲಿಗೆ ಆ ಬದು ಗೊತ್ತೈತಿ" ಅಂದ. ಚಿಕ್ಕಪ್ಪನ ಮಗ, ಅವನ ಹೆಂಡತಿ ಡ್ರಾಪ್ಸ್ ತಾವು ಹಾಕ್ತೀವಿ ಅಂತ ಒಪ್ಪಿಕೊಂಡರು. ಫ್ರಿಜ್ ಬಾಗಿಲಿಗೆ ಹಚ್ಚೋಕೆ ನಾನು ಒಂದು ಎಕ್ಸೆಲ್ ಶೀಟ್ ಮಾಡಿಕೊಟ್ಟೆ, ಟಿಕ್ ಹಾಕೋಕೆ. ಹದಿನೈದು ದಿನದ ಹಿಂದೆ ಬಿಟ್ಟು ಬಂದೆ. ಸರಿ ಮಾಡಿದೆನೋ ಇಲ್ಲವೋ, ಈಗಲೂ ರಾತ್ರಿ ಒಂಬತ್ತಕ್ಕೆ ಎದೆ ಹೊಡೆದುಕೊಳ್ಳುತ್ತೆ.

ಈಗ 8:40ಕ್ಕೆ ಫೋನ್ ಬರುತ್ತೆ. ಮೊದಲು ಡ್ರಾಪ್ಸ್ ಆಯ್ತಾ ಅಂತ ನಾನು, ಆಮೇಲೆ ಏನ ಫರಕು ಅಂತ ಅಂವ. ಬೂರುಗದ ಕೆಳಗಿನ ಕೊಂಬೆಯಲ್ಲಿ ಹೂ ಮುಗಿದು ಹಸಿರು ಕಾಯಿ ಕಚ್ಚಿದೆ ಅಂತ ಹೇಳಿದೆ. ಎಷ್ಟು ದೊಡ್ಡದು ಅಂದ. ಬೆಂಡೆಕಾಯಿಯಷ್ಟು ಅಂದೆ.

ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡೋ ಮುಂಚೆ ಫೋನ್ ಬಂತು. "ಕೋಗಿಲ ಕೂಗಿತೇನು ನಿಮ್ಮಲ್ಲೆ?"

"ಇನ್ನೂ ಇಲ್ಲ."

"ಇಲ್ಲಿ ನಿನ್ನಿ ಚಾಲೂ ಮಾಡೇತಿ. ತಡಿ, ಕೇಳಸ್ತೇನಿ."

ಫೋನ್ ಹೊರಗೆ ಹಿಡಿದ. ಟ್ರ್ಯಾಕ್ಟರ್ ಸದ್ದು, ಯಾರೋ ಯಾರನ್ನೋ ಕರೆಯೋದು, ಎಮ್ಮೆ. ನನಗೆ ಬೇರೇನೂ ಕೇಳಿಸಲಿಲ್ಲ.

"ಕೇಳ್ತೇನು?" ಅಂದ.

"ಇನ್ನೊಂದ ಸಲ ಹಿಡಿ" ಅಂದೆ.